ಕೊಯ್ದವನಿಗೆ ಕೊನೆಯ ತುಂಡು

"ಅಯ್ಯೋ, ಅದನ್ನ ಮುಟ್ಬೇಡ ಡೋರಿಸ್!" ಹೇಜಲ್ ಓಡಿಬಂದು ನೆರೆಮನೆಯಾಕೆಯ ಕೈಯಿಂದ ಚಾಕು ಕಿತ್ತುಕೊಂಡಳು. ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಅಪ್ಪ ಕ್ಲಾರೆನ್ಸನನ್ನು ಹೆಪ್ಪುಗಟ್ಟಿದ ಮಣ್ಣಿಗೆ ಇಳಿಸಿ ಬಂದು ಇನ್ನೂ ಗಂಟೆಯಾಗಿರಲಿಲ್ಲ.

"ಬ್ರೆಡ್ಡು ಕಣೇ, ಬಾಂಬಲ್ಲ," ಎಂದಳು ಡೋರಿಸ್. "ಥೇಟ್ ನಿಮ್ಮಪ್ಪನ ಹಾಗೇ ಆಡ್ತೀಯಲ್ಲ!"

ಕೆನಡಾದ ಸಸ್ಕಾಚೆವಾನಿನ ಈ ಗೋಧಿ ಊರಿನಲ್ಲಿ ಅದು ಹೊಗಳಿಕೆಯಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದೇ ಅವನ ಖ್ಯಾತಿ. ಬ್ರೆಡ್ಡು ಕೊಯ್ಯಲು ಹೆಂಡತಿಯ ಕೈಗೂ ಚಾಕು ಕೊಟ್ಟವನಲ್ಲ. ಹೆಬ್ಬೆರಳಿಟ್ಟು ಅಳೆದು ಅಳೆದು ಕೊಯ್ದು, ಉದುರಿದ ಪುಡಿಯನ್ನೂ ಅಂಗೈಗೆ ಗೋರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಯುದ್ಧದಲ್ಲಿ ಅವನಿದ್ದ ಬಾಂಬರ್ ವಿಮಾನ ಉರುಳಿಬಿದ್ದು, ಜರ್ಮನರ ಸೆರೆ ಸಿಕ್ಕಿದ್ದನೆಂದು ಊರಿಗೆಲ್ಲ ಗೊತ್ತಿತ್ತು. ಅದರ ಮಾತೆತ್ತಿದರೆ ಸಾಕು, ದನಕ್ಕೆ ಹುಲ್ಲು ಹಾಕಬೇಕೆಂದು ಎದ್ದುಬಿಡುತ್ತಿದ್ದ.

* * *

ಮೂವತ್ತು ವರ್ಷದ ಹಿಂದಿನ ಮಾತು. ಹೇಜಲ್‌ಗೆ ಆಗ ಹತ್ತೊಂಬತ್ತು. ಮದುವೆಯಾಗಲಿದ್ದ ಹುಡುಗನನ್ನು ಮೊದಲ ಸಲ ಊಟಕ್ಕೆ ಕರೆತಂದಿದ್ದಳು. ಅಪ್ಪ ಎಂದಿನಂತೆ ಅಳೆದು ಕೊಯ್ದು ತಟ್ಟೆಯನ್ನು ಅವಳತ್ತ ತಳ್ಳಿದ. "ಮೊದಲು ನೀನು ತೊಗೋ, ಪುಟ್ಟಿ." ಒಂದು ತುಂಡು ಇಟ್ಟಿಗೆಯಷ್ಟು ದಪ್ಪ, ಕೊನೆಯದು ಕಾಗದ. ಹುಡುಗ ನಗು ತಡೆದುಕೊಂಡ. ನಾಚಿಕೆಯಿಂದ ಅವಳ ಮೈಯೆಲ್ಲ ಉರಿಯಿತು.

"ಅಷ್ಟು ಅಳೆದೂ ಸೊಟ್ಟ ಕೊಯ್ದೆಯಲ್ಲಪ್ಪ! ನಾವೇನು ಕಳ್ಳರಾ? ಕೊಡಿಲ್ಲಿ ಚಾಕು!"

ಅಪ್ಪ ಚಾಕುವಿನ ಹಿಡಿಯನ್ನು ಅವಳ ಕಡೆ ಮಾಡಿ ಮೇಜಿನ ಮೇಲಿಟ್ಟ. ಉಣ್ಣದೆ ಕೊಟ್ಟಿಗೆಗೆ ಹೋದ. ಮತ್ತೆಂದೂ ಅವಳೆದುರು ಬ್ರೆಡ್ಡು ಕೊಯ್ಯಲಿಲ್ಲ. ಮೂವತ್ತು ವರ್ಷವಾದರೂ ಅವಳ ಬಾಯಲ್ಲಿ 'ತಪ್ಪಾಯ್ತಪ್ಪ' ಎಂಬ ಮಾತು ಬರಲಿಲ್ಲ. ಇವತ್ತು ನಸುಕಿನಲ್ಲೆದ್ದು ಅವನಿಗಿಷ್ಟದ ಬ್ರೆಡ್ಡು ಬೇಯಿಸಿ ತಂದಿದ್ದಳು, ಇನ್ನು ಯಾರಿಗೆಂದು ತಿಳಿಯದೆ.

* * *

"ನಿಮ್ಮಪ್ಪನೇ ಕೊಯ್ಬೇಕಿತ್ತು ಬಿಡು." ವಾಕರ್ ಊರಿಕೊಂಡು ಬಂದ ಮುದುಕ ಎದುರಿಗೆ ಕೂತ. ಬೆಳಿಗ್ಗೆ ಸಮಾಧಿಯ ಹತ್ತಿರ ಪರಿಚಯ ಹೇಳಿಕೊಂಡಿದ್ದ: ರಾಲ್ಫ್ ಪೆಟ್ರಿಕ್. ವಿಮಾನದಲ್ಲಿದ್ದ ಏಳು ಜನರಲ್ಲಿ ಜೀವಂತ ಕೆಳಗಿಳಿದವರು ಅವನೂ ಅಪ್ಪನೂ ಇಬ್ಬರೇ.

"ಸೆರೆಯಲ್ಲಿ ಎಂಟು ಜನಕ್ಕೆ ಒಂದು ಬ್ರೆಡ್ಡು, ತಾಯಿ. ಎಲ್ಲರೂ ಆರಿಸಿಕೊಂಡ ಮೇಲೆ ಕೊಯ್ದವನಿಗೆ ಕೊನೇ ತುಂಡು, ಅದು ಕ್ಯಾಂಪಿನ ಕಟ್ಟಳೆ. ಸೊಟ್ಟ ಕೊಯ್ದರೆ ಒಣಗೋದು ಅವನ ಹೊಟ್ಟೇನೇ. ಚಾಕು ಮುಟ್ಟೋಕೆ ಯಾರಿಗೂ ಧೈರ್ಯ ಇರಲಿಲ್ಲ. ಎರಡು ಚಳಿಗಾಲ ನಿಮ್ಮಪ್ಪನೇ ಕೊಯ್ದ."

"ಅಪ್ಪನ ಕೈ ಸೊಟ್ಟ," ಎಂದಳು ಹೇಜಲ್.

"ಯಾರು ಹೇಳಿದ್ದು? ಕೂದಲೆಳೆಯಷ್ಟೂ ತಪ್ತಿರಲಿಲ್ಲ! ನಾನು ಭೇದಿಯಾಗಿ ಸಾಯ್ತಾ ಬಿದ್ದಿದ್ದಾಗ ಮಾತ್ರ ಬೇಕೂಂತ ಸೊಟ್ಟ ಕೊಯ್ದ. ದಪ್ಪದ್ದು ನನಗೆ, ತೆಳ್ಳಗಿದ್ದದ್ದು ತನಗೆ. ಮಿಕ್ಕವರಿಗೆ ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ. 'ಮೊದಲು ನೀನು ತೊಗೋ' ಅಂದ."

ಹೇಜಲ್ ಬ್ರೆಡ್ಡನ್ನು ಹತ್ತಿರಕ್ಕೆಳೆದು, ಹೆಬ್ಬೆರಳಿಟ್ಟು ಅಳೆದು ಕೊಯ್ಯತೊಡಗಿದಳು. ಕಣ್ಣು ಮಂಜಾದರೂ ಕೈ ನಿಲ್ಲಲಿಲ್ಲ.

ತಟ್ಟೆಯನ್ನು ರಾಲ್ಫನತ್ತ ತಳ್ಳಿದಳು. "ಮೊದಲು ನೀವು ತೊಗೊಳ್ಳಿ."

ಅವನು ದಪ್ಪನೆಯದನ್ನು ಎತ್ತಿಕೊಂಡ. ತಟ್ಟೆ ಮೇಜು ಸುತ್ತಿ ಬಂತು. ಕಾಗದದಂಥ ಕೊನೆಯ ತುಂಡನ್ನು ಹೇಜಲ್ ಬಾಯಿಗಿಟ್ಟುಕೊಂಡಳು. ಮೇಜಿನ ಮೇಲೆ ಉದುರಿದ್ದ ಪುಡಿಯನ್ನು, ಎಲ್ಲರೂ ನೋಡುತ್ತಿದ್ದಂತೆಯೇ, ಅಂಗೈಗೆ ಗೋರಿಕೊಂಡಳು.