ಅಮಸಿದ್ದಪ್ಪನ ಹಿಮ್ಮಡಿ

ಓಡುವವರು ಹಿಂದೆ ನೋಡುವುದಿಲ್ಲ, ಅಮಸಿದ್ದಪ್ಪ ನೋಡುತ್ತಾನೆ. ಬೆಳಗಿನ ಜಾವ ನಾಯಿಗಳಿಗೂ ನನ್ನಂಥ ನಿವೃತ್ತರಿಗೂ ಮಾತ್ರ ಸೇರಿದ ನವನಗರದ ಅಗಲ ರಸ್ತೆಗಳಲ್ಲಿ ಅವನು ಗಿಡ್ಡ ಹೆಜ್ಜೆಗಳನ್ನಿಡುತ್ತ, ಮೊಳಕೈಗಳನ್ನು ಎರಡೂ ಬದಿಗೆ ಅಗಲಿಸಿಕೊಂಡು, ಯಾರನ್ನೋ ದಾರಿಯ ಅಂಚಿನಿಂದ ಒಳಕ್ಕೆ ಸರಿಸುತ್ತಿರುವವನಂತೆ ಓಡಿ ಬರುತ್ತಾನೆ. ಎರಡು ವಿದ್ಯುತ್ ಕಂಬ ದಾಟುವಷ್ಟರಲ್ಲಿ ಒಮ್ಮೆ ಕತ್ತು ಹೊರಳಿಸಿ, ಬಿಟ್ಟುಬಂದ ರಸ್ತೆಯನ್ನು ಈ ಅಂಚಿನಿಂದ ಆ ಅಂಚಿನವರೆಗೆ ನೋಡಿ, ಮತ್ತೆ ಮುಖ ಮುಂದೆ ಮಾಡುತ್ತಾನೆ. ಹಿಂದೆ ಯಾರೂ ಇರುವುದಿಲ್ಲ. ಅಷ್ಟು ನಿಧಾನವಾಗಿ ಓಡುವವನ ಹಿಂದೆ ಯಾರಾದರೂ ಇದ್ದಿದ್ದರೆ ಅವರು ಎಂದೋ ಅವನನ್ನು ದಾಟಿ ಹೋಗಿರುತ್ತಿದ್ದರು. ವಯಸ್ಸು ಐವತ್ತೊಂದು, ಬಲಗಾಲಿನ ಹಿಮ್ಮಡಿಯಲ್ಲಿ ಎರಡೂವರೆ ವರ್ಷಗಳಿಂದ ಒಂದು ನೋವು ಬಿಡಾರ ಹೂಡಿ ಕೂತಿದೆ.

ನಮ್ಮ ಬಡಾವಣೆಯಲ್ಲಿ ಅವನು ಪ್ರಸಿದ್ಧ ಪುರುಷ. ಆದರೆ ಆ ಪ್ರಸಿದ್ಧಿ ಓಟದ್ದಲ್ಲ, ನೀರಿನದು. ಹಳೆಯ ಬಾಗಲಕೋಟೆಯ ಓಣಿಗಳು ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಓಣಿಯ ಹೆಸರಿನಿಂದ ಗುರುತಾಗುತ್ತಿದ್ದ ನಾವೆಲ್ಲ ಸೆಕ್ಟರ್ ಸಂಖ್ಯೆಗಳಾಗಿ ಇಲ್ಲಿಗೆ ಬಂದು ಇಳಿದ ಕಾಲದಿಂದಲೂ ನಮ್ಮ ನಾಲ್ಕು ಸೆಕ್ಟರ್‌ಗಳಿಗೆ ವಾಲ್ವ್ ತಿರುಗಿಸಿ ನೀರು ಬಿಡುವವನು ಅವನೇ. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಅಡ್ಡ ಹಾಕಿ, ಅದರ ಎರಡೂ ತುದಿಗೆ ಕೈ ನೇತುಬಿಟ್ಟು ನಡೆಯುವ ಅವನ ಭಂಗಿ ಯಾವ ನೌಕರನದೂ ಅಲ್ಲ, ಕೋಲು ಹೊತ್ತು ಕುರಿಯ ಹಿಂದೆ ಹೋಗುವವನದು. ಬೇವೂರಿನ ಬೀರಪ್ಪ ದೇವರ ಒಕ್ಕಲು ಅವನ ಮನೆತನ. ಇಪ್ಪತ್ತೆರಡನೆಯ ವಯಸ್ಸಿನವರೆಗೆ ಅವನಿಗೆ ಕುರಿಯಲ್ಲದೆ ಬೇರೆ ಲೋಕವಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾದಾಗ ಹಿಂಡನ್ನು ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದರು; ಹೊಡೆದುಕೊಂಡು ಹೋದವನು ಇವನು. ಹೋಗುವಾಗ ಇಡೀ ದಿನ ಹಿಡಿದ ಹಾದಿ ಬರುವಾಗ ಅರ್ಧ ಹೊತ್ತಿನಲ್ಲಿ ಮುಗಿಯಿತಂತೆ. ಆ ಅರ್ಧ ಹೊತ್ತನ್ನು ಅವನು ಇಂದಿಗೂ ಕ್ಷಮಿಸಿಲ್ಲ.

ಅವನು ಓಟಗಾರನಾದದ್ದರಲ್ಲಿ ನನ್ನ ಅಪರಾಧವೂ ಸೇರಿದೆ. ನಾಲ್ಕು ವರ್ಷಗಳ ಹಿಂದೆ ಒಂದು ಮುಂಜಾನೆ ಅವನು ದೂರದ ಸೆಕ್ಟರ್‌ನ ವಾಲ್ವ್ ತೆರೆದಿಟ್ಟು ನಮ್ಮ ಮನೆಯ ಮುಂದೆ ಚಹಾಕ್ಕೆ ನಿಂತ. ನಾನು ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ಕೇಳುವವರು ಸಿಕ್ಕರೆ ಗಂಟೆ ಬಾರಿಸುವವರೆಗೆ ಬಿಡುವ ಅಭ್ಯಾಸವಿಲ್ಲ, ಮತ್ತು ನಮ್ಮ ಮನೆಯಲ್ಲಿ ಗಂಟೆ ಇಲ್ಲ. ವಾಲ್ವ್ ನೆನಪಾದಾಗ ಅವನು ಲೋಟವನ್ನು ಕಟ್ಟೆಯ ಮೇಲಿಟ್ಟು, ಚಾವಿ ಹಿಡಿದು ಓಡಿದ. ಎರಡು ಕಿಲೋಮೀಟರ್ ಓಡಿ, ವಾಲ್ವ್ ಮುಚ್ಚಿ, ಅಲ್ಲಿಗೆ ನಿಲ್ಲಬೇಕಾದವನು ಮತ್ತೆ ಓಡಿಕೊಂಡೇ ಬಂದ. ಏಕೆಂದು ಕೇಳಿದೆ.

"ಮುಚ್ಚಿದ ಮ್ಯಾಲ ನಿಲ್ಲಬೇಕಿತ್ರಿ, ಮಾಸ್ತರ್ರ. ಕಾಲು ನಿಲ್ಲಲಿಲ್ಲ" ಎಂದು ಸ್ವಲ್ಪ ಸಂಕೋಚದಿಂದಲೇ ಹೇಳಿ, ತಣ್ಣಗಾದ ಚಹಾ ಕುಡಿದ. ಲೋಟ ಕೆಳಗಿಟ್ಟು ಹೇಳಿದ: "ಓಡುವಾಗ ಬೆನ್ನ ಹಿಂದ ಅವು ಬರಾಕತ್ತಾವ ಅನಿಸ್ತೈತ್ರಿ. ತಿರುಗಿ ನೋಡಿದ್ರ ಬರೇ ರಸ್ತಾ."

ಹೀಗೆ ಬರಿಯ ರಸ್ತೆಯನ್ನು ನೋಡುವುದಕ್ಕಾಗಿ ಒಬ್ಬ ಮನುಷ್ಯ ನಿತ್ಯವೂ ಓಡತೊಡಗಿದ. ಊರಿನ ಓಟಗಾರರ ಬಳಗವೊಂದು ಅವನನ್ನು ಹಚ್ಚಿಕೊಂಡಿತು. ವೈದ್ಯರು, ವಕೀಲರು, ಬ್ಯಾಂಕಿನವರು, ಮಣಿಕಟ್ಟಿನ ಗಡಿಯಾರದಲ್ಲಿ ತಮ್ಮ ಎದೆಬಡಿತ ನೋಡಿಕೊಂಡು ಸಂತೋಷಪಡುವ ಸಜ್ಜನರು. ಯಾರೋ ತಮ್ಮ ಹಳೆಯ ಬೂಟು ಕೊಟ್ಟರು, ಅದು ಒಂದು ಅಳತೆ ದೊಡ್ಡದು. ಈ ಬಳಗ ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಬಾದಾಮಿಯಿಂದ ಪಟ್ಟದಕಲ್ಲಿನವರೆಗೆ ಇಪ್ಪತ್ತೊಂದು ಕಿಲೋಮೀಟರ್ ಓಟ ನಡೆಸುತ್ತದೆ. ಆ ದಾರಿಯ ಹೆಸರು ಕೇಳಿದ ದಿನ ಅಮಸಿದ್ದಪ್ಪ ನಮ್ಮ ಕಟ್ಟೆಗೆ ಬಂದು ಅದರ ಕಥೆ ಹೇಳಿದ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಮಲಪ್ರಭೆಯ ದಂಡೆಗೆ ಹೋಗುತ್ತಿದ್ದುದು ಅದೇ ದಾರಿಯಲ್ಲಿ; ದಂಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸಿ, ಬೇಸಿಗೆಯೆಲ್ಲ ಅಲ್ಲೇ ಕಳೆದು, ಮೊದಲ ಮಳೆಗೆ ಹಿಂದಿರುಗುತ್ತಿದ್ದರು. ಆ ದಾರಿಯನ್ನು ಇನ್ನೊಮ್ಮೆ, ಈ ತುದಿಯಿಂದ ಆ ತುದಿಯವರೆಗೆ, ತನ್ನ ಕಾಲ ಮೇಲೆ ಓಡಿ ಮುಟ್ಟಬೇಕೆಂಬುದು ಅಂದಿನಿಂದ ಅವನ ಬದುಕಿನ ಒಂದೇ ಹಂಬಲವಾಯಿತು. ಮೋಟರ್ ಸೈಕಲ್ ಮೇಲೆ ಕರೆದೊಯ್ಯುತ್ತೇನೆಂದು ನಾನು ಒಮ್ಮೆ ಹೇಳಿ ನೋಡಿದೆ. ಅವನು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಆ ಮಾತೆತ್ತಲಿಲ್ಲ.

ಮೊದಲ ವರ್ಷದ ಓಟದಲ್ಲೇ, ಒಂಬತ್ತನೆಯ ಕಿಲೋಮೀಟರಿನಲ್ಲಿ, ಹಿಮ್ಮಡಿ ಹಿಡಿಯಿತು. ನಿಲ್ಲಲಿಲ್ಲ ಪುಣ್ಯಾತ್ಮ. ಉಳಿದ ಹನ್ನೆರಡನ್ನು ಕುಂಟುತ್ತ, ಬೂಟು ಕೈಯಲ್ಲಿ ಹಿಡಿದು ನಡೆದು, ಮಧ್ಯಾಹ್ನ ಪಟ್ಟದಕಲ್ಲು ತಲುಪಿದಾಗ ಅಲ್ಲಿ ಬ್ಯಾನರ್ ಬಿಚ್ಚಿ ಸುತ್ತುತ್ತಿದ್ದರಂತೆ. ಆದರೂ ಒಬ್ಬರು ಪದಕ ಕೊಡಲು ಬಂದರು. "ನಡೆದು ಬಂದೇನಿ, ಓಡಿ ಬಂದಾಗ ಕೊಡ್ರಿ" ಎಂದು ಮರಳಿಸಿಬಿಟ್ಟ. ಆ ಹಟಕ್ಕೆ ತೆತ್ತ ದಂಡ ಎರಡು ತಿಂಗಳ ಹಾಸಿಗೆ. ಅಷ್ಟು ದಿನವೂ ಚಾವಿ ಹೊತ್ತು ನೀರು ಬಿಟ್ಟವಳು ಅವನ ಹೆಂಡತಿ ಬೋರವ್ವ. ಸತ್ಯ ಹೇಳಬೇಕೆಂದರೆ ಆ ಎರಡು ತಿಂಗಳು ನಮಗೆ ನೀರು ಹೇಳಿದ ಹೊತ್ತಿಗೇ ಬಂತು. ಆದರೆ ಅವನಿಗೆ ಕೆಲಸ ಕೊಟ್ಟಿದ್ದ ಗುತ್ತಿಗೆದಾರ ಮಾತ್ರ ಇನ್ನೊಮ್ಮೆ ಹೀಗೆ ಮಲಗಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಖಡಾಖಂಡಿತವಾಗಿ ಹೇಳಿಹೋದ.

ಎರಡನೆಯ ವರ್ಷದ ಕಥೆ ಹೇಳಿದರೆ ನೀವು ನಗುತ್ತೀರಿ, ನಾನೂ ನಕ್ಕಿದ್ದೇನೆ. ಅಮಸಿದ್ದಪ್ಪ ತನ್ನ ಕಾಲಿಗೆ ತಾನೇ ವೈದ್ಯನಾದ. ಕುರಿಗೆ ಗೊರಸು ಕೆಟ್ಟರೆ ಮೈಲುತುತ್ತ ಕರಗಿಸಿದ ನೀರಿನಲ್ಲಿ ಹಿಂಡನ್ನು ಹಾಯಿಸುವುದು ಅವನು ಕಂಡ ಚಿಕಿತ್ಸೆ. ಪೇಟೆಯಿಂದ ಮೈಲುತುತ್ತ ತಂದು, ಪ್ಲಾಸ್ಟಿಕ್ ಟಬ್ಬಿನಲ್ಲಿ ಕರಗಿಸಿ, ಮುಂಜಾನೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅದರಲ್ಲಿ ಗಂಭೀರವಾಗಿ ನಿಂತ. ನಾಲ್ಕನೆಯ ದಿನಕ್ಕೆ ಕಾಲು ಕಣಕಾಲಿನವರೆಗೆ ನೀಲಿಯಾಯಿತು, ಎಂಟನೆಯ ದಿನಕ್ಕೆ ಚರ್ಮ ಸುಲಿಯಿತು. ಅದು ಗೊರಸಿನ ರೋಗದ ಔಷಧವಲ್ಲವೇನಪ್ಪ, ನಿನಗೆ ಆಗಿರುವುದು ಒಳಗಿನ ನರದ ನೋವು ಎಂದು ನಾನು ಹೇಳಿದರೆ, "ಕಾಲು ಕಾಲ ಅಲ್ಲೇನ್ರಿ" ಎಂದ. ಆ ವರ್ಷದ ಡಿಸೆಂಬರ್ ಅವನ ನೀಲಿ ಕಾಲನ್ನು ಮನೆಯಲ್ಲೇ ಬಿಟ್ಟು ಹೋಯಿತು. ಓಟ ನಡೆದ ದಿನ ಅವನು ಎಲ್ಲ ವಾಲ್ವ್‌ಗಳನ್ನೂ ಹೊತ್ತಿಗೆ ಮುಂಚೆಯೇ ಮುಚ್ಚಿ, ನಮ್ಮ ಕಟ್ಟೆಗೂ ಬರದೆ ಹೋಗಿಬಿಟ್ಟ.

ಬೋರವ್ವನೇ ಕೊನೆಗೆ ಅವನನ್ನು ಅಲೀಮಾ ಎಂಬ ಹುಡುಗಿಯ ಬಳಿಗೆ ಕರೆದೊಯ್ದಳು. ಇಳಕಲ್ಲಿನ ಕಡೆಯವಳು, ನೋವುಗಳಿಗೆ ವ್ಯಾಯಾಮ ಹೇಳಿಕೊಡುವ ಚಿಕಿತ್ಸಕಿ, ನಮ್ಮಲ್ಲೊಂದು ಸಣ್ಣ ದವಾಖಾನೆ ಇಟ್ಟುಕೊಂಡವಳು. ನೋವು ಹತ್ತರಲ್ಲಿ ಎಷ್ಟು ಎಂದು ಅವಳು ಅಮಸಿದ್ದಪ್ಪನನ್ನು ಕೇಳಿದಳು. ನೋವನ್ನು ಅಂಕಿಯಲ್ಲಿ ಹೇಳುವ ವಿದ್ಯೆ ಅವನ ಸಾಲೆಯಲ್ಲಿ ಇರಲಿಲ್ಲ. ಕಾಲನ್ನು ಒಮ್ಮೆ ನೆಲಕ್ಕೂರಿ ನೋಡಿ, "ಹತ್ತು ಕುರಿ ಅಂತ ಹಿಡಿದ್ರ, ಇವತ್ತ ಆರು ಕುಂಟಾಕತ್ತಾವ್ರಿ" ಎಂದ. ಅವಳು ನಗಲಿಲ್ಲ. ಅದೇ ಲೆಕ್ಕವನ್ನು ಹಿಡಿದು ಕಟ್ಟಳೆ ಹಾಕಿಕೊಟ್ಟಳು.

"ಕಾಕಾ, ಓಡಬ್ಯಾಡ್ರಿ ಅಂತ ನಾ ಹೇಳಂಗಿಲ್ಲ. ಮೂರರ ತನಕ ಕುಂಟಿದ್ರ ಓಡ್ರಿ. ನಾಲ್ಕನೇದು ಕುಂಟಿತಂದ್ರ ನಿಲ್ರಿ. ಕುಂಟ ಕುರಿ ಇಟಗೊಂಡು ನೀವು ಹಿಂಡು ಓಡಸ್ತಿದ್ರೇನು?"

"ಇಲ್ಲವ್ವ. ಹೆಗಲಮ್ಯಾಲ ಹಾಕ್ಕೊಂತಿದ್ವಿ."

"ಕಾಲನ್ನ ಹೆಗಲಮ್ಯಾಲ ಹಾಕ್ಕೊಳ್ಳಾಕ ಬರಂಗಿಲ್ಲಲ್ರಿ. ಮತ್ತ ನೋವು ನುಂಗಿ ಓಡಿದ್ರ ಒಳಗಿಂದು ಹರಿತೈತಿ. ಆಮ್ಯಾಲ ಆ ಚಾವಿ ಬೋರವ್ವ ಕಾಕೂನ ಹೆಗಲಿಗ ಖಾಯಂ."

ಅಂದಿನಿಂದ ಒಂದು ವರ್ಷ ನಾನು ನೋಡಿದ ತಪಸ್ಸನ್ನು ಯಾವ ಮಠದಲ್ಲೂ ನೋಡಿಲ್ಲ. ನಮ್ಮ ಸೆಕ್ಟರ್‌ನ ವಾಲ್ವ್ ತೆರೆದು ಬಂದು ನಮ್ಮ ಮೆಟ್ಟಿಲ ಅಂಚಿನಲ್ಲಿ ಬೆರಳ ಮೇಲೆ ನಿಂತು, ಹಿಮ್ಮಡಿಯನ್ನು ಗಾಳಿಯಲ್ಲಿ ನಿಧಾನವಾಗಿ ಕೆಳಗಿಳಿಸುವುದು, ಮೇಲೆತ್ತುವುದು. ಹದಿನೈದರಂತೆ ಮೂರು ಸಲ, ಬಾಗಿಲ ಚೌಕಟ್ಟು ಹಿಡಿದು, ದೇವರ ಮುಂದೆ ನಿಂತವನ ಮುಖ ಮಾಡಿಕೊಂಡು. ಅಂಗಾಲಿನಡಿ ಉರುಳಿಸಲು ಮನೆಯ ಲಟ್ಟಣಿಗೆ ತೆಗೆದುಕೊಂಡದ್ದು ಬೋರವ್ವನ ಕಣ್ಣಿಗೆ ಬಿದ್ದು ಆ ದಿನ ಚಪಾತಿ ಆಗಲಿಲ್ಲ, ಮಾತೂ ಆಗಲಿಲ್ಲ. ಬೂಟಿನೊಳಗೆ ಹಿಮ್ಮಡಿಯ ಕೆಳಗಿಡಲು ಮೆತ್ತೆ ಕೊಳ್ಳಿರೆಂದು ಅಲೀಮಾ ಹೇಳಿದರೆ, ಹಿಂಡಿನ ಕಾಲದ ತನ್ನ ಕಂಬಳಿಯ ಒಂದು ಮೂಲೆ ಕತ್ತರಿಸಿ, ಎರಡು ಮಡಿಕೆ ಮಾಡಿ, ಸುತ್ತ ಹೊಲಿಗೆ ಹಾಕಿ ಅದನ್ನೇ ಇಟ್ಟುಕೊಂಡ. ಆ ಕಂಬಳಿಯನ್ನು ಅವನು ಯಾರಿಗೂ ಹೊದೆಯಲು ಕೊಟ್ಟವನಲ್ಲ ಎಂದು ಬೋರವ್ವ ನಮ್ಮ ಮನೆಯವಳಿಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಓಡುವುದು ನಾಲ್ಕು ಕಂಬ, ನಡೆಯುವುದು ಒಂದು ಕಂಬ. ಆಮೇಲೆ ಎಂಟು, ಒಂದು. ಆಮೇಲೆ ಕಂಬಗಳ ಎಣಿಕೆಯೇ ಬಿಟ್ಟುಹೋಯಿತು. ಬರುವಾಗಲೆಲ್ಲ ನಾನು "ಎಷ್ಟು ಕುಂಟತಾವಪ್ಪ?" ಎಂದು ಕೇಳುವುದು, ಅವನು ಓಡುತ್ತಲೇ ಎರಡು ಬೆರಳು ತೋರಿಸುವುದು. ಕಾರ್ತಿಕದ ಒಂದು ಮುಂಜಾನೆ ಅವನು ಬೆರಳನ್ನೇ ಎತ್ತದೆ ಮುಷ್ಟಿ ಮಾತ್ರ ತೋರಿಸಿ ಹೋದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ, ಒಳಗೆ ಹೋಗಿ ಹೆಂಡತಿಗೆ ಇನ್ನೊಂದು ಚಹಾ ಮಾಡೆಂದೆ.

ಕಳೆದ ಡಿಸೆಂಬರಿನಲ್ಲಿ ನಾನೂ ಬಾದಾಮಿಗೆ ಹೋದೆ. ಓಡಲಾರದೆ ನಿಂತವರನ್ನು ಹತ್ತಿಸಿಕೊಳ್ಳಲು ಓಟದ ಬೆನ್ನಿಗೇ ಒಂದು ಜೀಪು ಬರುತ್ತದೆ; ಅದರಲ್ಲಿ ಕುಳಿತು ಹೆಸರು ಬರೆದುಕೊಳ್ಳುವ ಕೆಲಸವನ್ನು ನಾನೇ ಕೇಳಿ ಪಡೆದೆ. ಬಂಡೆಗಳು ಕೆಂಪೇರುವ ಹೊತ್ತಿಗೆ ಓಟ ಹೊರಟಿತು. ಹತ್ತು ದಾಟಿತು, ಹನ್ನೆರಡು ದಾಟಿತು. ಇಬ್ಬರು ಬ್ಯಾಂಕಿನವರೂ ಒಬ್ಬ ವಕೀಲರೂ ನನ್ನ ಜೀಪಿನಲ್ಲಿ ಕೂತು ತಮ್ಮ ತಮ್ಮ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅಮಸಿದ್ದಪ್ಪ ಮುಂದೆ ಓಡುತ್ತಲೇ ಇದ್ದ. ಹದಿನಾರನೆಯ ಕಲ್ಲಿನ ಬಳಿ ಅವನನ್ನು ಕಂಡಾಗ ಹೆಜ್ಜೆ ಸರಿಯಾಗಿತ್ತು, ಮುಖದಲ್ಲಿ ನಾನು ಹಿಂದೆಂದೂ ಕಾಣದ ಎಳೆತನವಿತ್ತು.

ಹದಿನೇಳರಲ್ಲಿ ಅವನು ನಿಂತಿದ್ದ. ರಸ್ತೆಯ ಬದಿಯ ಬೇವಿನ ಮರಕ್ಕೆ ಒಂದು ಕೈ ಊರಿ, ಬಲಗಾಲನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದಿದ್ದ. ನಾನು ಇಳಿದು ಹೋಗಿ ಎಷ್ಟೆಂದು ಕೇಳಿದೆ. ನಾಲ್ಕು ಬೆರಳು ತೋರಿಸಿದ. ಏಳಲ್ಲ, ಎಂಟಲ್ಲ, ನಾಲ್ಕು. ಇನ್ನೂ ಓಡಬಹುದಾಗಿತ್ತು. ಹಲ್ಲು ಕಚ್ಚಿದರೆ ಪಟ್ಟದಕಲ್ಲು ಮುಟ್ಟಬಹುದಿತ್ತೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮುಟ್ಟಿದ ಮೇಲೆ ಏನಾಗುತ್ತದೆಂಬುದೂ ಗೊತ್ತಿತ್ತು. ಓಡು ಎನ್ನಲು ನನ್ನ ನಾಲಿಗೆ ತುರಿಸುತ್ತಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವನ ಕಾಲಿಗಿಂತ ಅವನ ಗೆಲುವು ನನಗೆ ಹೆಚ್ಚು ಬೇಕಾಗಿತ್ತು.

ಅವನು ಮುಂದಿನ ರಸ್ತೆಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಂದು, ವಕೀಲರನ್ನು "ಸರೀರಿ ಸಾಹೇಬ್ರ" ಎಂದು ಸರಿಸಿ, ಜೀಪು ಹತ್ತಿ ಕುಳಿತ. ನಾನು ಪಟ್ಟಿಯಲ್ಲಿ ಅವನ ಹೆಸರು ಬರೆದೆ. ಜೀಪು ಹೊರಟಿತು. ಜೋಳದ ಹೊಲಗಳ ಆಚೆ ಹೊಳೆಯ ಸಾಲುಮರಗಳು, ಅವುಗಳ ಮೇಲೆ ಗುಡಿಗಳ ಶಿಖರಗಳು ಕಾಣತೊಡಗಿದಾಗ ನನಗೆ ತಡೆಯಲಾಗದೆ, ಹದಿನೇಳೂ ಸಣ್ಣ ಮಾತಲ್ಲ ಬಿಡು ಎಂದೆ.

"ಹದಿನೇಳು ಮುಗದು ಹೋದವ್ರಿ, ಮಾಸ್ತರ್ರ. ಅವು ಇನ್ನ ನನ್ನವಲ್ಲ" ಎಂದ ಅಮಸಿದ್ದಪ್ಪ, ಹೊಳೆಯ ಕಡೆ ನೋಡುತ್ತಲೇ. "ನಾಲ್ಕು ಉಳದಾವಲ್ಲ, ಅವು ನನ್ನವು."

ಮರುದಿನ ಮುಂಜಾನೆ ಐದಕ್ಕೆ ನಮ್ಮ ನಲ್ಲಿಯಲ್ಲಿ ನೀರು ಬಂತು.

ನಾನು ಬದುಕಿನಲ್ಲಿ ಹಿಡಿದ ಕೆಲಸಗಳನ್ನೆಲ್ಲ ಮುಗಿಸಿದವನು. ಮನೆ ಕಟ್ಟಿ ಮುಗಿಸಿದೆ, ಮಕ್ಕಳ ಮದುವೆ ಮುಗಿಸಿದೆ, ನೌಕರಿಯನ್ನು ಒಂದು ಕಪ್ಪು ಚುಕ್ಕೆಯಿಲ್ಲದೆ ಮುಗಿಸಿದೆ. ಮುಗಿಸಿದ ಮೇಲೆ ಮುಂಜಾನೆ ಏಳುವುದಕ್ಕೆ ಕಾರಣ ಹುಡುಕುತ್ತೇನೆ. ಅಮಸಿದ್ದಪ್ಪನಂಥವರು ಬೇರೆಯೇ ಜಾತಿ. ಅವರು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಉಳಿದದ್ದನ್ನು ಜೋಪಾನವಾಗಿ ಇಟ್ಟುಕೊಂಡು, ಅದರ ಬಲದ ಮೇಲೆ ಮತ್ತೊಂದು ವರ್ಷ ಬದುಕುತ್ತಾರೆ. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರ ಹಂಬಲ ಕೈಗೂಡಲೆಂದು ಹರಸಲು ಭಯವಾಗುತ್ತದೆ. ಕೈಗೂಡದಿರಲಿ ಎನ್ನಲು ಬಾಯಿ ಬರುವುದಿಲ್ಲ.