ಡೊಂಕು ಬಿದ್ದ ಜಾಡು

ಬೇಸಿಗೆ ಮುಗಿಯುತ್ತಾ ಬಂದಿತ್ತು. ಬೆಳಗಿನ ಬಿಸಿಲು ಇನ್ನೂ ಮರಗಳ ಬುಡಕ್ಕೆ ಇಳಿದಿರಲಿಲ್ಲ. ಕಾಡಿನೊಳಗೆ ರಸ್ತೆ ಮಾಡುವ ಗುತ್ತಿಗೆ ಹಿಡಿದಿದ್ದ ಮಾವ ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದರು. ಅವರ ಮನೆಅಳಿಯ ಬುಲ್ಡೋಜರ್ ಮೇಲೆ ಕೂತಿದ್ದ.

ಗಿಡ ಗುರುತಿಸುವ ಮೇಡಂ ಒಬ್ಬರು ಮೊಣಕಾಲೂರಿ ತರಗೆಲೆ ಸರಿಸುತ್ತಿದ್ದರು. ಎಲೆಯೇ ಇಲ್ಲದ ಒಂದು ಕಾಡು ಆರ್ಕಿಡ್ ಇಲ್ಲಿದೆಯಂತೆ. ಕಿತ್ತರೆ ಅಪರಾಧ. ಒಂದು ಸಿಕ್ಕರೂ ರಸ್ತೆ ನಿಲ್ಲಬೇಕು. ಮಧ್ಯಾಹ್ನದೊಳಗೆ ಸಿಗದಿದ್ದರೆ ಮರ ಉರುಳಿಸಬಹುದು.

"ಸೂಜಿ ಕಳಕೊಂಡ್ರಾ ಮೇಡಂ?" ಮಾವ ಕೇಳಿದರು.

"ಸೂಜಿಯಾದ್ರೆ ಹೊಳೀತಿತ್ತು. ಇದು ತರಗೆಲೆ ಬಣ್ಣ."

ಅದನ್ನು ಅಳಿಯ ನಿನ್ನೆ ಸಂಜೆಯೇ ನೋಡಿದ್ದ. ಯಂತ್ರ ಒಳಗೆ ತರುವಾಗ, ದೊಡ್ಡ ಮರದ ನೆರಳಲ್ಲಿ, ಕಂದು ಕಡ್ಡಿಯ ತುದಿಗೆ ಹೂ. ಕೈ ತಾನಾಗಿ ಯಂತ್ರವನ್ನು ಪಕ್ಕಕ್ಕೆ ತಿರುಗಿಸಿತ್ತು. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ, "ಅಪ್ಪನ ಮುಂದೆ ಬಾಯಿ ಬಿಡಬೇಡಿ. ಈ ಕೆಲಸ ಕೆಟ್ರೆ ನಮ್ಮನ್ನ ಮನೇಲಿ ಇಟ್ಕೊಳ್ಳಲ್ಲ," ಅಂದಿದ್ದಳು.

ಹೊತ್ತು ನೆತ್ತಿಗೇರಿತು. ಮೇಡಂ ಸೊಂಟ ಹಿಡಿದುಕೊಂಡು ಎದ್ದರು. "ಸಿಗಲಿಲ್ಲ," ಅಂದರು. ಬರುವಾಗ ಕಾಲುದಾರಿಯಲ್ಲಿ ಬಂದವರು, ಹೋಗುವಾಗ ಬುಲ್ಡೋಜರಿನ ಜಾಡು ಹಿಡಿದರು. ಮಾವ ಕೈ ಎತ್ತಿದರು. ಅಳಿಯ ಕೀಲಿಗೆ ಬೆರಳಿಟ್ಟ.

ಮೇಡಂ ನಿಂತರು. ಗೆರೆ ಎಳೆದಂತೆ ನೆಟ್ಟಗಿದ್ದ ಜಾಡು ಅಲ್ಲಿ ಮಾತ್ರ ಬಾಗಿ, ಮತ್ತೆ ನೆಟ್ಟಗಾಗಿತ್ತು.

"ಇಲ್ಲಿ ಯಾಕೆ ತಿರುಗಿಸಿದ್ರಿ?"

"ಕಲ್ಲಿತ್ತೇನೋ," ಮಾವನೇ ಉತ್ತರ ಕೊಟ್ಟರು. "ಅಲ್ವೇನಯ್ಯಾ?"

ಹೌದು ಅಂದಿದ್ದರೆ ಸಾಕಿತ್ತು. ಅಳಿಯ ಕೀಲಿಯಿಂದ ಬೆರಳು ತೆಗೆದ.

"ಕಲ್ಲಲ್ಲ ಮಾವ. ಹೂ."

ಮೇಡಂ ಆ ಮರದ ಬುಡದಲ್ಲಿ ಬೋರಲು ಮಲಗಿಯೇ ಬಿಟ್ಟರು. ಕೆಳಗಿನ ದಳ ಬಿಳಿ, ಅದರ ಮೇಲೆ ನೇರಳೆ ಚುಕ್ಕೆ. ಕಡ್ಡಿಯಲ್ಲಿ ಹಸಿರಿನ ಸುಳಿವಿಲ್ಲ. ಪಕ್ಕದ ತರಗೆಲೆ ಎತ್ತಿ ಬಿಳಿ ನೂಲಿನಂಥ ಬೂಜು ತೋರಿಸಿದರು. "ಅದೇ ಇದು. ಎಲೆ ಇಲ್ಲವಲ್ಲ, ಈ ಬೂಜೇ ಇದಕ್ಕೆ ಊಟ ಹಾಕೋದು. ಮರ ಬಿದ್ರೆ ಬೂಜು ಸಾಯುತ್ತೆ, ಹಿಂದೆಯೇ ಇದೂ."

"ಬೇರೆಯವರ ಅನ್ನ ತಿಂದು ಬದುಕೋದು," ಮಾವ ಅಳಿಯನ ಕಡೆ ತಿರುಗದೆಯೇ ಅಂದರು. "ನಾನೂ ಮನೇಲಿ ಒಂದು ಸಾಕಿದೀನಿ, ಮೇಡಂ."

ಅಳಿಯ ಇಳಿದು ಬಂದು ಕೀಲಿಯನ್ನು ಮಾವನ ಅಂಗೈಯಲ್ಲಿಟ್ಟ.

ರಸ್ತೆ ಕೆಲಸ ನಿಂತು, ಮಂಗಳವಾರ ಬುಲ್ಡೋಜರ್ ಕಾಡಿನಿಂದ ಹೊರಗೆ ಹೋಯಿತು. ಓಡಿಸಿದವನು ಬೇರೆ, ಆದರೂ ಆ ಮರದ ಹತ್ತಿರ ಡೊಂಕು ಜಾಡನ್ನೇ ಹಿಡಿದ. ಗುರುವಾರ ಬೆಳಗ್ಗೆ ಅಳಿಯ ಮಾವನ ಮನೆ ಬಿಟ್ಟ. ಒಂದು ಚೀಲ ಅವನ ಕೈಯಲ್ಲಿತ್ತು, ಇನ್ನೊಂದು ಹೆಂಡತಿಯ ಕೈಯಲ್ಲಿ.