ಎಂಟು ಪೆಟ್ಟು

ತಣ್ಣಗಾದ ಅಪ್ಪನ ಕೈಯನ್ನು ಕಪ್ಪು ಕೋಟಿನ ತೋಳಿಗೆ ತೂರಿಸಲು ಮಗಳು ಮೂರನೇ ಸಲ ಹೆಣಗುತ್ತಿದ್ದಾಗ ಬಾಗಿಲಲ್ಲಿ ಅಮ್ಮನ ದನಿ ಏರಿತು.

"ಯಾವ ಮುಖ ಇಟ್ಕೊಂಡು ಬಂದ್ರಿ? ಅನ್ನಕ್ಕೆ ಕಲ್ಲು ಹಾಕಿದ್ದು ಸಾಲದಾ?"

ಹೊಸ್ತಿಲಾಚೆ ನಿಂತವರು ಕಹಳೆಯವರು. ವಾದ್ಯವೃಂದದಲ್ಲಿ ಮೂವತ್ತು ವರ್ಷ ಅಪ್ಪನ ಭೇರಿಯ ಮುಂದಿನ ಕುರ್ಚಿ ಅವರದು. ಅಪ್ಪನ ಕಿವಿ ಹೋಗಿದೆಯೆಂದು ನಿರ್ದೇಶಕರ ಬಳಿ ಚಾಡಿ ಹೇಳಿ ಕೆಲಸ ಬಿಡಿಸಿದವರು ಅವರೇ ಎಂದು ಈ ಮನೆ ಹನ್ನೊಂದು ತಿಂಗಳಿಂದ ನಂಬಿತ್ತು. ನಾಲ್ಕು ಸಲ ನೋಡಲು ಬಂದಿದ್ದರು. ನಾಲ್ಕು ಸಲವೂ ಅಪ್ಪ ಗೋಡೆ ಕಡೆ ಹೊರಳಿ ಮಲಗಿದ್ದ.

*

ಹನ್ನೊಂದು ತಿಂಗಳ ಹಿಂದೆ, ಅಪ್ಪನ ಕೊನೆಯ ಕಛೇರಿಯ ಸಂಜೆ, ಮಗಳು ಆರನೇ ಸಾಲಿನಲ್ಲಿ ಕೂತಿದ್ದಳು. ಮೊದಲರ್ಧ ಇನ್ನೂರು ವರ್ಷ ಹಳೆಯ ಕೃತಿ. ಅಪ್ಪನ ಕೋಲುಗಳು ಕೂದಲೆಳೆಯಷ್ಟೂ ತಪ್ಪಲಿಲ್ಲ. ಎರಡನೆಯರ್ಧ ಹೊಸ ಕಾಲದವನೊಬ್ಬ ಬರೆದದ್ದು. ಅಪ್ಪನ ಮುಂದೆ ಕೂರುವವರೂ ಸೇರಿ ಕಹಳೆ ಊದುವವರೆಲ್ಲ ಎದ್ದು ಹೋದರು, ಅವರ ಜಾಗಕ್ಕೆ ಸ್ಪೀಕರುಗಳು ಬಂದವು. ಕೆಟ್ಟ ಟ್ಯೂಬ್‌ಲೈಟು ಗುಯ್‌ಗುಟ್ಟಿದಂತೆ ಕಂಪ್ಯೂಟರಿನ ಸಣ್ಣ ಸದ್ದು, ಅದಕ್ಕೆ ಸುತ್ತಿಕೊಂಡ ಪಿಟೀಲುಗಳ ಎಳೆ. ಒಂದೆಡೆ ಎಲ್ಲರೂ ನುಡಿಸುವುದನ್ನು ನಿಲ್ಲಿಸಿ, ಕಂಪ್ಯೂಟರಿನ ಆ ಸದ್ದೊಂದೇ ಉಳಿಯಬೇಕಿತ್ತು. ನಿರ್ದೇಶಕರ ಕೈ ಮಾತ್ರ ಎಣಿಸುತ್ತಿತ್ತು. ಲೆಕ್ಕ ತಪ್ಪಿದ ಅಪ್ಪ ಆ ಕೈಯನ್ನೇ ನಂಬಿ ಬಾರಿಸುತ್ತ ಹೋದ. ಎಂಟು ಪೆಟ್ಟು. ಆಮೇಲೆ ಪಿಟೀಲಿನ ಕಮಾನುಗಳೆಲ್ಲ ಮಡಿಲಲ್ಲಿರುವುದನ್ನು ಕಂಡ. ಎತ್ತಿದ ಕೋಲು ಗಾಳಿಯಲ್ಲೇ ನಿಂತಿತು.

"ಏನ್ ಹೊಡೆದ್ರೀ! ಮೈ ಜುಂ ಅಂತು," ಎಂದರು ಪಕ್ಕದ ಸೀಟಿನವರು. ಅದೂ ಕೃತಿಯದೇ ಭಾಗವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಮಗಳು ಅಪ್ಪನ ಮುಖ ನೋಡಿದಳು, ತಟ್ಟಲಿಲ್ಲ.

ಮಾರನೇ ಬೆಳಿಗ್ಗೆ ನಿರ್ದೇಶಕರ ಕೋಣೆಗೆ ಹೋದಳು. "ಅಪ್ಪನಿಗೆ ಕಿವಿ ಕೇಳ್ಸಲ್ಲ ಸರ್. ಮರ್ಯಾದೆ ಇರುವಾಗಲೇ ಬಿಡಿಸಿಬಿಡಿ. ನಾನು ಹೇಳಿದ್ದು ಅಂತ ಮಾತ್ರ ಬೇಡ."

*

"ಅತ್ತಿಗೆ, ಅವನ ಕಿವಿ ವಿಷಯ ಆರು ವರ್ಷದಿಂದ ನನಗೆ ಗೊತ್ತಿತ್ತು," ಎಂದರು ಕಹಳೆಯವರು. "ಎಲ್ಲಿ ಹೊಡೀಬೇಕು, ಎಲ್ಲಿ ನಿಲ್ಲಿಸ್ಬೇಕು, ಭುಜ ಆಡಿಸಿ ತೋರಿಸ್ತಿದ್ದೆ. ಅವತ್ತು ನನ್ನ ಹೊರಗೆ ಕೂರಿಸಿದ್ರು. ಹೇಳೋನಾಗಿದ್ರೆ ಆರು ವರ್ಷ ಕಾಯ್ತಿದ್ನಾ?"

"ಮತ್ಯಾರು ಹೇಳಿದ್ದು? ಗೋಡೆ ಹೇಳ್ತಾ?"

ಮಗಳು ಅಪ್ಪನ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು.

"ನಾನಮ್ಮ. ಜನ ನಗೋದು ಬೇಡ ಅಂತ..."

ಅಮ್ಮ ಅವಳನ್ನು ಅಪರಿಚಿತಳಂತೆ ನೋಡಿದಳು. "ನಿಮ್ಮಪ್ಪ ಸಾಯೋತನಕ ಇವರಿಗೆ ಶಾಪ ಹಾಕಿದ್ರಲ್ಲೇ. ನೀನು ಪಕ್ಕದಲ್ಲೇ ಕೂತು ಔಷಧಿ ಕುಡಿಸ್ತಿದ್ದೆ."

ಕಹಳೆಯವರೇ ಒಳಬಂದು, ಅವಳು ಬಿಟ್ಟ ಕೈಗೆ ಕೋಟಿನ ತೋಳು ತೊಡಿಸಿದರು.

ಗಾಡಿ ಬಂತು. ಶವಪೆಟ್ಟಿಗೆಯ ಮುಂದಿನ ಎಡ ಹಿಡಿಗೆ ಮಗಳು ಕೈ ಹಾಕಿದಳು. ಅಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇಲ್ಲಿ ನೀವು ಹಿಡೀರಿ," ಎಂದಳು ಕಹಳೆಯವರಿಗೆ.

ಮೆಟ್ಟಿಲು ಕಿರಿದು. ಪೆಟ್ಟಿಗೆ ಹಿಡಿದ ನಾಲ್ವರೂ ಒಬ್ಬರ ಹೆಜ್ಜೆಗೆ ಒಬ್ಬರು ಕಾಯುತ್ತ ಇಳಿದರು, ಹಿಂದೆ ಅಮ್ಮ. ಮಗಳು ಮೇಲಿನ ಮೆಟ್ಟಿಲಲ್ಲೇ ಉಳಿದಳು. ಅವಳ ಬಲಗೈ ಇನ್ನೂ ಏನನ್ನೋ ಹಿಡಿದಂತೆ ಅರ್ಧ ಮಡಚಿಕೊಂಡೇ ಇತ್ತು.